ನಾಬೋತನ ತೋಟಕ್ಕೆ ಬದಲು ತೋಟ



ಮನೆಗೆ ಇನ್ನೊಂದು ಕೋಣೆ ಸೇರಿಸಲು ಹಿತ್ತಿಲಿನ ಹಲಸಿನ ಮರ ಕಡಿಸುತ್ತೀರಿ ಎಂದಿಟ್ಟುಕೊಳ್ಳಿ. ಅಜ್ಜ ನೆಟ್ಟ ಮರ, ಮನಸ್ಸು ಚುಚ್ಚುತ್ತದೆ. “ಇರಲಿ, ಬೇಲಿಯ ಬದಿಗೆ ಎರಡು ಸಸಿ ನೆಟ್ಟರಾಯಿತು” ಎಂದು ಸಮಾಧಾನ ಮಾಡಿಕೊಳ್ಳುತ್ತೀರಿ. ಒಂದಕ್ಕೆ ಎರಡು. ಲೆಕ್ಕ ಚುಕ್ತಾ ಆಯಿತೇ?

ದೇಶವೂ ಇದೇ ಲೆಕ್ಕ ಹಾಕುತ್ತದೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಗಣಿಗೋ ಅಣೆಕಟ್ಟಿಗೋ ಕಾಡು ಬೇಕಾದರೆ ಕೇಂದ್ರದ ಒಪ್ಪಿಗೆ ಬೇಕು. ಅದಕ್ಕೆ ಷರತ್ತಾಗಿ ಬೇರೆ ಕಡೆ ಗಿಡ ನೆಡಬೇಕು, ಹೋಗುವ ಕಾಡಿನ ಬೆಲೆಯನ್ನೂ ಕಟ್ಟಬೇಕು. ಆ ನಿಧಿಗೆಂದೇ 2016ರಲ್ಲಿ ಪ್ರತ್ಯೇಕ ಕಾನೂನಾಯಿತು. ಏನೂ ಕೊಡದೆ ಕಡಿಯುವುದಕ್ಕಿಂತ ಇದು ಮೇಲು, ಒಪ್ಪೋಣ.

ಆದರೆ ಗ್ರೇಟ್ ನಿಕೋಬಾರ್ ದ್ವೀಪವನ್ನು ನೋಡಿ. ಬಂದರು, ವಿಮಾನ ನಿಲ್ದಾಣ, ಪಟ್ಟಣಗಳಿಗಾಗಿ ಸುಮಾರು 130 ಚದರ ಕಿಲೋಮೀಟರ್ ಕಾಡು ಬಿಟ್ಟುಕೊಡಲು 2022ರಲ್ಲಿ ತಾತ್ವಿಕ ಒಪ್ಪಿಗೆ ದೊರೆಯಿತು. ಬದಲಿಗೆ ಗಿಡ ನೆಡಲು ಗೊತ್ತುಮಾಡಿದ್ದು ಎರಡು ಸಾವಿರ ಕಿಲೋಮೀಟರಿಗೂ ಆಚೆಯ ಹರಿಯಾಣದಲ್ಲಿ! ಗಲಾಥಿಯಾ ಕೊಲ್ಲಿಯ ಮರಳಿನಲ್ಲಿ ಮೊಟ್ಟೆಯಿಡುವ ಕಡಲಾಮೆ ಹರಿಯಾಣಕ್ಕೆ ಹೋದೀತೇ? ಆ ಕಾಡನ್ನೇ ನಂಬಿರುವ ಶೋಂಪೆನ್ ಜನರಿಗೆ ಅಲ್ಲಿನ ಸಸಿಗಳು ನೆರಳಾದಾವೇ? ದೂರದ ಮಾತೇಕೆ, ನಮ್ಮ ಮಲೆನಾಡಿನ ಅಕೇಶಿಯಾ ನೆಡುತೋಪು ದೂರದಿಂದ ಹಸಿರೇ. ಹಲಸು, ನೇರಳೆಗಳಿಲ್ಲದ ಅಲ್ಲಿ ಮಂಗಕ್ಕೂ ಮಂಗಟ್ಟೆ ಹಕ್ಕಿಗೂ ತಿನ್ನಲು ಏನಿದೆ?

ಅರಸ ಅಹಾಬನು ನಾಬೋತನ ದ್ರಾಕ್ಷಿತೋಟವನ್ನು ಮೊದಲು ಬಿಟ್ಟಿಯಾಗಿ ಕೇಳಲಿಲ್ಲ. ಅದಕ್ಕಿಂತ ಒಳ್ಳೆಯ ತೋಟವನ್ನೋ ತಕ್ಕ ಹಣವನ್ನೋ ಕೊಡುತ್ತೇನೆಂದ. ನಾಬೋತ ಒಪ್ಪಲಿಲ್ಲ. ಅದು ಪಿತೃಗಳಿಂದ ಬಂದ ಸೊತ್ತು. ಅವನ ಕೈಯಲ್ಲಿತ್ತು, ಆದರೆ ಕೈಬಿಡಲು ಅವನೊಬ್ಬನದಾಗಿರಲಿಲ್ಲ. ಕೆಲವಕ್ಕೆ ಬೆಲೆಯಿದೆ, ಬದಲಿಯಿಲ್ಲ.

“ಹಾಗಾದರೆ ರಸ್ತೆ, ವಿದ್ಯುತ್ತು ಬೇಡವೇ ಫಾದರ್?” ಎನ್ನುವಿರಿ. ಬೇಕು. ಶರಾವತಿಯ ವಿದ್ಯುತ್ತಿಗಾಗಿ ಲಿಂಗನಮಕ್ಕಿಯ ನೀರಿನಲ್ಲಿ ಕಾಡೂ ಊರೂ ಮುಳುಗಿದವು. ಆ ಬೆಳಕಿನಲ್ಲಿ ಓದಿದವರೇ ನಾವು. ಆದುದರಿಂದ ಕಲ್ಲೆಸೆಯುವ ಮುನ್ನ ನಮ್ಮ ಸಾಲವನ್ನು ನೆನೆಯೋಣ.

ಪರರಿಂದ ಕಿತ್ತುಕೊಂಡದ್ದನ್ನು ಹಿಂತಿರುಗಿಸುವ ಬಗ್ಗೆ ಸಂತ ಥಾಮಸ್ ಅಕ್ವಿನಾಸರು ಬರೆದಿದ್ದಾರೆ. ಒಬ್ಬನ ಅಂಗವನ್ನು ಕಡಿದವನು ಅದನ್ನು ಮರಳಿ ಕೊಡಲಾರ. ಹಣದಿಂದಲೋ ಗೌರವದಿಂದಲೋ ಸಾಧ್ಯವಾದಷ್ಟು ತುಂಬಿಕೊಡಬೇಕು. ಸರಿ, ಆದರೆ ಹಣ ಸಿದ್ಧವಿದೆಯೆಂದು ಕೈ ಕಡಿಯುವ ಹಕ್ಕು ಯಾರಿಗಾದರೂ ಬರುತ್ತದೆಯೇ? ಪ್ರಾಯಶ್ಚಿತ್ತವನ್ನು ಮುಂಗಡ ಕಟ್ಟಿ ಪಾಪಕ್ಕೆ ಹೊರಡುವವನಿಗೆ ಪಶ್ಚಾತ್ತಾಪವೆಲ್ಲಿ? ಪರಿಹಾರವು ಆದ ಗಾಯಕ್ಕೆ ಮದ್ದು. ಗಾಯ ಮಾಡಲು ರಹದಾರಿಯಲ್ಲ.

ಆದಕಾರಣ ಪ್ರಶ್ನೆಗಳಿಗೊಂದು ಕ್ರಮವಿದೆ. ಇದು ನಿಜಕ್ಕೂ ಬೇಕೇ? ಬೇರೆ ಜಾಗವಿಲ್ಲವೇ? ಕಡಿಮೆಯಲ್ಲಿ ಸಾಲದೇ? ಇವಕ್ಕೆಲ್ಲ ಪ್ರಾಮಾಣಿಕ ಉತ್ತರ ಸಿಕ್ಕ ಮೇಲೆ ಮಾತ್ರ ಪರಿಹಾರದ ಮಾತು. ಅದೂ ಹತ್ತಿರದಲ್ಲಿ, ಅದೇ ಜಾತಿಯ ಗಿಡಗಳಿಂದ, ವರ್ಷಾನುಗಟ್ಟಲೆ ಆರೈಕೆಯೊಡನೆ. ಪ್ರತಿಯೊಂದು ಜೀವಿಗೂ ನಮ್ಮ ಉಪಯೋಗವನ್ನು ಮೀರಿದ ಬೆಲೆಯಿದೆಯೆಂದು ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೋ ಸಿ’ ಪರಿಪತ್ರದಲ್ಲಿ ನೆನಪಿಸಿದ್ದು ಇದಕ್ಕಾಗಿಯೇ.

ಇನ್ನು ನಿಮ್ಮ ಹಲಸಿನ ಮರ. ಕೊಡಲಿ ಎತ್ತುವ ಮುನ್ನ ಮನೆಯವರೆಲ್ಲ ಕುಳಿತು ಕೇಳಿಕೊಳ್ಳಿ: ಕೋಣೆಯನ್ನೇ ನಾಲ್ಕಡಿ ಆಚೆ ಸರಿಸಲಾಗದೇ? ಆಗದಿದ್ದರೆ ಸಸಿ ನೆಡಿ, ಬೇಸಿಗೆಯಲ್ಲಿ ಮಕ್ಕಳಿಂದಲೇ ನೀರು ಹಾಕಿಸಿ. ಆದರೆ ಲೆಕ್ಕ ಚುಕ್ತಾ ಆಯಿತೆಂದು ಮಾತ್ರ ಅವರಿಗೆ ಹೇಳಬೇಡಿ.