ಮುಂಗಡ ಪಡೆದವನ ಧರ್ಮ

ಮುಂಗಡ ಕೊಟ್ಟು ವಸ್ತುವಿಗಾಗಿ ಕಾಯುವವನಿಗೆ ತಾಳ್ಮೆಯನ್ನು ಬೋಧಿಸುವವರು ಬಹಳ. ಮುಂಗಡ ಪಡೆದವನಿಗೆ ಬೋಧಿಸಬೇಕಾದುದೇನು? ವಾಚಕರು ತುಸು ಆಲೋಚಿಸಬೇಕು.

ಮೈಸೂರಿಗರಿಗೆ ಜಾವಾ ಎಂಬ ಹೆಸರು ಹೊಸದಲ್ಲ. 1961ರಲ್ಲಿ ಯಾದವಗಿರಿಯಲ್ಲಿ ಆರಂಭಗೊಂಡ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿಹೋಯಿತು. ಆ ಹೆಸರಿನ ಮೋಟಾರ್ ಸೈಕಲ್ಲನ್ನು 2018ರ ನವೆಂಬರ್ 15ರಂದು ಬೇರೊಂದು ಸಂಸ್ಥೆ ಮರಳಿ ತಂದಾಗ, ತಂದೆಯ ಗಾಡಿಯ ಸದ್ದನ್ನು ಮರೆಯದವರು ಅನೇಕರು 5,000 ರೂಪಾಯಿ ಕೊಟ್ಟು ಹೆಸರು ನೋಂದಾಯಿಸಿದರು. ವಾಹನಗಳು ತಯಾರಾಗುತ್ತಿದ್ದುದು ಮಾತ್ರ ದೂರದ ಪೀತಂಪುರದಲ್ಲಿ! ಡಿಸೆಂಬರ್ 25ಕ್ಕೆ ಸಂಸ್ಥೆಯು ಅಂತರಜಾಲದ ನೋಂದಣಿಯನ್ನು ನಿಲ್ಲಿಸಿತು. 2019ರ ಸೆಪ್ಟೆಂಬರ್‌ವರೆಗಿನ ವಾಹನಗಳೆಲ್ಲ ಮುಗಿದಿವೆ ಎಂದು ತಿಳಿಸಿತು. ಹಲವರ ನಿರೀಕ್ಷೆ ತಿಂಗಳುಗಟ್ಟಲೆ ಬೆಳೆಯಿತು, ಬೇಸರವೂ ಬೆಳೆಯಿತು. ಆದರೂ ತಾನಾಗಿ ಬರುತ್ತಿರುವ ಹಣವನ್ನು ಸದ್ಯಕ್ಕೆ ಸಾಕೆಂದು ತಡೆಯುವುದು ವ್ಯಾಪಾರದಲ್ಲಿ ಸಾಮಾನ್ಯ ಸಂಗತಿಯಲ್ಲ. ಪಡೆಯುವ ಕೈ ದುಡಿಯುವ ಕೈಯನ್ನು ಮೀರಿ ಓಡಿದರೆ, ಕೊಟ್ಟ ಮಾತು ಸಾಲವಾಗಿ ಪರಿಣಮಿಸುತ್ತದೆ.

ಇಂದಿನ ಸ್ಮಾರ್ಟ್‌ಫೋನಿನ ವ್ಯವಹಾರ ಇನ್ನೂ ಸೂಕ್ಷ್ಮವಾದುದು. ಇಲ್ಲಿ ಎರಡು ಸಲ ಕಾಯಬೇಕು: ಮೊದಲು ಫೋನಿಗಾಗಿ, ಕೈಗೆ ಬಂದ ಮೇಲೆ ಅದರ ಕುಂದನ್ನು ನೀಗುವ ಅಪ್‌ಡೇಟಿಗಾಗಿ. ತಿದ್ದುಪಡಿ ದೋಷವಲ್ಲ, ಯಂತ್ರವೆಂದಮೇಲೆ ಲೋಪಗಳು ಬಳಕೆಯಲ್ಲಿಯೇ ಕಾಣಬರುತ್ತವೆ. ಆದರೆ ನಾಳೆ ಸೇರಿಸುವ ಗುಣವನ್ನು ಇಂದೇ ಇರುವುದೆಂದು ಹೇಳಿ ಪೂರ್ಣ ಬೆಲೆ ಪಡೆಯುವುದು ನ್ಯಾಯವೇ? ಮೇಲಾಗಿ, ಮನೆಯ ಹಣಕಾಸೆಲ್ಲ ಆ ಫೋನಿನಲ್ಲಿಯೇ ನಡೆಯುವ ಈ ಕಾಲದಲ್ಲಿ ಸುರಕ್ಷತೆಯ ಲೋಪವನ್ನು ಮುಚ್ಚುವ ಅಪ್‌ಡೇಟ್ ತಡವಾದಷ್ಟು ದಿನವೂ ಅಪಾಯ ಕೊಂಡವನದು. ಅವನು ದಿನಾಂಕವನ್ನು ಕೇಳಿದರೆ, ತಾಳ್ಮೆಗೆಟ್ಟವನೆಂದು ಅವನನ್ನು ಹಳಿಯುವುದು ಹೇಗೆ?