ಮುದಿ ಬೆಕ್ಕಿನ ‘ಬೇಡ’

ಕೊಗನೊಳ್ಳಿಯ ನಮ್ಮ ಮನೆಯ ಬೆಕ್ಕಿಗೆ ಈಗ 14 ವರ್ಷ. ಮರ ಹತ್ತುವುದಿಲ್ಲ, ಬಾಗಿಲ ಚೌಕಟ್ಟು ಕೆರೆಯುವುದಿಲ್ಲ. ಹೀಗೆ ಸವೆಯದ ಉಗುರು ಮುಪ್ಪಿನಲ್ಲಿ ದಪ್ಪಗಾಗಿ, ಬಾಗಿ, ಅಂಗಾಲಿನ ಮೆತ್ತೆಗೇ ಚುಚ್ಚಿಕೊಳ್ಳಬಹುದು. ಕತ್ತರಿಸದೆ ವಿಧಿಯಿಲ್ಲ. ಆದರೆ ಬೆಕ್ಕು ಒಪ್ಪುವುದಿಲ್ಲ. ಕಾಲು ಎಳೆದುಕೊಳ್ಳುತ್ತದೆ, ಬಾಲ ಬಡಿಯುತ್ತದೆ.

ಒಬ್ಬರ ಒಳಿತಿಗೆಂದೇ ಅವರ ಮೇಲೆ ಬಲ ಪ್ರಯೋಗಿಸಬಹುದೇ? ಜಾನ್ ಸ್ಟುವರ್ಟ್ ಮಿಲ್ 1859ರ ‘ಆನ್ ಲಿಬರ್ಟಿ’ಯಲ್ಲಿ ಕೂಡದು ಎಂದ, ಆದರೆ ಮಕ್ಕಳನ್ನು ಈ ನಿಯಮದಿಂದ ಹೊರಗಿಟ್ಟ. ಬೆಕ್ಕನ್ನೂ ಮಕ್ಕಳ ಸಾಲಿಗೆ ಸೇರಿಸಿದರೆ ಪ್ರಶ್ನೆ ಮುಗಿಯಿತೇ? ನನಗೆ ಹಾಗನಿಸುವುದಿಲ್ಲ. ಉಗುರು ಬೆಳೆದರೆ ಮುಂದೇನು ಎಂಬುದು ಬೆಕ್ಕಿಗೆ ತಿಳಿಯದು, ನಿಜ. ಆದರೆ ನಾನು ಹಿಡಿದ ಹಿಡಿತ ಅದರ ಮುದಿ ಕೀಲಿಗೆ ಎಷ್ಟು ನೋವು ಕೊಡುತ್ತಿದೆ ಎಂಬುದು ಅದಕ್ಕೇ ಗೊತ್ತು.

ಹಾಗಾಗಿ ಉಗುರು ತೆಗೆಯಬೇಕೇ ಎಂಬುದನ್ನು ಅದರ ‘ಬೇಡ’ ತೀರ್ಮಾನಿಸಲಾರದು. ಯಾವಾಗ, ಎಷ್ಟು, ಹೇಗೆ ಎಂಬುದನ್ನು ತೀರ್ಮಾನಿಸಬೇಕು. 18 ಉಗುರುಗಳನ್ನು ಒಂದೇ ದಿನ ಮುಗಿಸುವ ಅವಸರ ನನ್ನದು, ಅದರದಲ್ಲ. ಅದು ತೂಕಡಿಸುವಾಗ ಬೆರಳನ್ನು ಮೆಲ್ಲಗೆ ಒತ್ತಿ, ರಕ್ತವಿರುವ ಗುಲಾಬಿ ಭಾಗ ಬಿಟ್ಟು, ತುದಿಯನ್ನಷ್ಟೇ ಕತ್ತರಿಸುತ್ತೇನೆ. ಕಾಲೆಳೆದರೆ ಬಿಟ್ಟುಬಿಡುತ್ತೇನೆ, ಉಳಿದದ್ದು ನಾಳೆಗೆ. ಉಗುರು ಮೆತ್ತೆಯೊಳಗೆ ಹೊಕ್ಕಿದ್ದರೆ ಮಾತ್ರ ಅದು ಪಶುವೈದ್ಯರ ಕೆಲಸ.

ನೆನಪು ಮಾಸಿದ ಆಯಿ ಸ್ನಾನ ಬೇಡವೆಂದು ಸೆರಗು ಬಿಗಿಹಿಡಿದಾಗಲೂ ಮನೆಗಳಲ್ಲಿ ಇದೇ ಪ್ರಶ್ನೆ ಏಳುತ್ತದೆ. ‘ಅವರಿಗೇನು ತಿಳಿಯುತ್ತದೆ’ ಎಂದುಬಿಡುವುದು ಸುಲಭ. ಸ್ನಾನ ಆಗಲೇಬೇಕು, ಸರಿ. ಈ ಗಳಿಗೆಯಲ್ಲೇ, ಇದೇ ಬಿರುಸಿನಲ್ಲಿ ಆಗಬೇಕೆಂದು ಹೇಳಿದವರು ಯಾರು?