ವನವಿಹಾರವೂ ದೇಶವ್ರತವೂ

ವೈಶಾಖದಲ್ಲಿ ಬೇವು ಹೊಂಗೆಗಳು ಹೂವಾದಾಗ ಹತ್ತಾರು ಜನ ಕೂಡಿ ಊರ ಹೊರಗೆ ನಡೆದು ಬಂದರೆ ದೋಷವೇನು? ಶ್ರಾವಕರು ಕೇಳಿಕೊಳ್ಳಬೇಕಾದ ಪ್ರಶ್ನೆಯೇ ಇದು. ಮುನಿಗಳ ಸಂಚಾರವನ್ನೂ ವಿಹಾರವೆನ್ನುತ್ತೇವೆ, ನಮ್ಮ ತಿರುಗಾಟವನ್ನೂ ವಿಹಾರವೆನ್ನುತ್ತೇವೆ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯನ್ನು ವಿವರಿಸುವಾಗ ವ್ಯರ್ಥವಾಗಿ ನೆಲ ಅಗೆಯುವುದು, ಗಿಡ ಕಡಿಯುವುದು ಮುಂತಾದವುಗಳೊಡನೆ ತಾನು ಸುಮ್ಮನೆ ಅಲೆಯುವುದನ್ನೂ ಇತರರನ್ನು ಅಲೆಯಿಸುವುದನ್ನೂ ಎಣಿಸಿದ್ದಾರೆ. ಗುಂಪನ್ನು ಕರೆದೊಯ್ಯುವವನಿಗೆ ಈ ಎರಡನೆಯ ಮಾತು ತಾಗದೆ ಇರದು.

ನಡಿಗೆಯಿಂದ ಆರೋಗ್ಯವುಂಟು, ಆದುದರಿಂದ ಅದು ವ್ಯರ್ಥವಲ್ಲ ಎನ್ನುವವರಿದ್ದಾರೆ. ಒಪ್ಪೋಣ. ಆದರೆ ಮುನಿಗಳು ಈರ್ಯಾಸಮಿತಿಯಲ್ಲಿ ನಾಲ್ಕು ಕೈ ನೆಲವನ್ನು ನೋಡಿ ಅಡಿಯಿಡುತ್ತಾರೆ. ಗುಂಪಿನಲ್ಲಿ ಹಿಂದಿನವನು, ಮುಂದಿನವನು ನೋಡಿರುವನೆಂದು ನಂಬಿ ಮಾತಿನಲ್ಲಿ ಮುಳುಗುತ್ತಾನೆ. ಇರುವೆಯ ಸಾಲನ್ನು ಮೊದಲನೆಯವನು ದಾಟಿದರೂ ಹತ್ತನೆಯವನು ತುಳಿಯುತ್ತಾನೆ.

ಕಳೆದ ವೈಶಾಖದಲ್ಲಿ ತೇರದಾಳದ ನೇಮಿನಾಥ ಜಿನಾಲಯದಲ್ಲಿ, 1123ರಲ್ಲಿ ಮಾಂಡಲಿಕ ಗೊಂಕನು ಕಟ್ಟಿಸಿದ ಬಸದಿಯಲ್ಲಿ, ದರ್ಶನ ಮಾಡಿ ಸೂರ್ಯೋದಯದ ಅನಂತರ ಹಿಪ್ಪರಗಿಯತ್ತ ಹೊರಟೆವು. ಮುಂದಾಳು ನಾನೇ. ಕಬ್ಬು ಕಡಿದ ಹೊಲಗಳಲ್ಲಿ ರವದಿ ಹರಡಿತ್ತು, ಕೆಲವೆಡೆ ಸುಟ್ಟು ಕರಿದಾಗಿತ್ತು. ಒಳದಾರಿ ಹಿಡಿಯಹೊರಟ ತರುಣರನ್ನು ನಮ್ಮೊಡನಿದ್ದ ವೃದ್ಧ ವ್ರತಿಗಳೊಬ್ಬರು ಬಂಡಿಯ ಜಾಡಿಗೆ ಮರಳಿಸಿದರು.

ಕೃಷ್ಣೆಯ ಬ್ಯಾರೇಜಿನ ಬಳಿ ಅವರು ನಿಂತರು. ಆ ತಿಂಗಳು ಮುಗಿಯುವವರೆಗೆ ನದಿಯ ಈ ದಡವೇ ಅವರ ದೇಶವ್ರತದ ಎಲ್ಲೆ. "ಸೇತುವೆಯಿದೆ, ಆಚೆ ಅಥಣಿ ತಾಲ್ಲೂಕು, ನಾಲ್ಕು ಹೆಜ್ಜೆಗೆ ಇಷ್ಟೇಕೆ?" ಎಂದೆ. "ಎಲ್ಲೆ ಇಟ್ಟದ್ದು ನದಿಗೆ, ಸೇತುವೆಗಲ್ಲ," ಎಂದರು. ಆಚೆಯಿಂದ ಎಳನೀರು ತರುವೆವೆಂದರೆ ಅದೂ ಬೇಡವೆಂದರು. ಅವರನ್ನು ಹೊಂಗೆಯ ನೆರಳಿನಲ್ಲಿ ಬಿಟ್ಟು ನಾವು ಹೋದೆವು. ಸೇತುವೆಯ ನಡುವಿನಿಂದ ತರುಣರು ಕೂಗಿ ಕೈಬೀಸಿದರು. ವೃದ್ಧರು ಕೂಗಲಿಲ್ಲ, ಕೈಯೆತ್ತಲಿಲ್ಲ, ತಲೆಬಾಗಿಸಿ ಕುಳಿತರು. ಸಿಟ್ಟಾಗಿದ್ದಾರೆಂದು ಒಬ್ಬನೆಂದ, ನಾನೂ ಹಾಗೆಯೇ ತಿಳಿದೆ.

ಮನೆಗೆ ಬಂದ ಮೇಲಷ್ಟೇ ಅತಿಚಾರಗಳ ಪಾಠ ನೆನಪಾಯಿತು. ಎಷ್ಟೋ ಪರ್ಯೂಷಣಗಳಲ್ಲಿ ಬಾಯಿಪಾಠ ಹೇಳಿದ್ದೆ! ಎಲ್ಲೆಯಾಚೆಯಿಂದ ವಸ್ತು ತರಿಸುವುದು ಆನಯನ. ಆಚೆಯವರಿಗೆ ದನಿಯಿಂದ ಸೂಚಿಸುವುದು ಶಬ್ದಾನುಪಾತ, ತನ್ನ ರೂಪ ತೋರಿಸಿ ಸೂಚಿಸುವುದು ರೂಪಾನುಪಾತ. ಎಳನೀರನ್ನು ನಾನು ಉಪಚಾರವೆಂದೆಣಿಸಿದ್ದೆ. ಕೂಗಿಗೆ ಓಗೊಡದುದನ್ನು ಮುನಿಸೆಂದೆಣಿಸಿದ್ದೆ. ಕಾಲು ದಾಟದಿದ್ದರೆ ವ್ರತ ಉಳಿಯಿತೆಂದೇ ನನ್ನ ಲೆಕ್ಕವಿತ್ತು. ಅವರಾದರೋ ಮನಸ್ಸನ್ನೂ ದಾಟಗೊಡಲಿಲ್ಲ.

ಅವರೂ ಹೊಂಗೆಯ ಹೂವನ್ನು ನೋಡಿದರು, ನಗುತ್ತಲೇ ಬಂದಿದ್ದರು. ವಸಂತದ ಸಂತೋಷವನ್ನು ವ್ರತ ಅವರಿಂದ ಕಸಿದಿರಲಿಲ್ಲ. ಈ ವರ್ಷವೂ ತರುಣರು ನಡಿಗೆಗೆ ಕರೆದಿದ್ದಾರೆ. ಹೊರಡುವ ಮುನ್ನ ಎಲ್ಲೆಯನ್ನೂ ಕಾಲವನ್ನೂ ಬಸದಿಯಲ್ಲಿಯೇ ನಿಶ್ಚಯಿಸಿ, ನಾನು ಸಾಲಿನ ಕೊನೆಯಲ್ಲಿ ನಡೆಯುವೆನೆಂದು ಹೇಳಿದ್ದೇನೆ.